ಸೊಂಟದಿಂದ ಇಳಿದ ಸರೋಜ

ಮಾರ್ಚ್, ೧೯೬೩

ನಮ್ಮತ್ತೆ ಸೊಣ್ಣಮ್ಮನವರು ಮಕ್ಕಳನ್ನು ನೆಲಕ್ಕೆ ಬಿಡುವವರಲ್ಲ. ತಮ್ಮ ಮಕ್ಕಳನ್ನೆಲ್ಲ ಸೊಂಟದ ಮೇಲಿಟ್ಟುಕೊಂಡೇ ಕಸ ಗುಡಿಸಿದವರು, ಹೊಲಕ್ಕೆ ಬುತ್ತಿ ಹೊತ್ತವರು. ನನ್ನ ಮಗಳು ಸರೋಜ ಹುಟ್ಟಿದ ಮೇಲೆ ಆ ಜಾಗ ಅವಳದಾಯಿತು.

ಒಂದೂವರೆ ವರ್ಷ ದಾಟಿದರೂ ಅವಳು ನಡೆಯಲಿಲ್ಲ. ಯಲಹಂಕದ ಡಾಕ್ಟರು ಕಾಲು ಒತ್ತಿ ನೋಡಿ, "ದೋಷ ಏನೂ ಇಲ್ಲಮ್ಮ, ಕೆಳಗೆ ಬಿಡಿ" ಎಂದರು. ನನಗೆ ಮಾತ್ರ ಹೆದರಿಕೆ ಹೋಗಲಿಲ್ಲ. ನಾನು ಇಳಿಸಿದರೆ ಅತ್ತೆ ಎತ್ತಿಕೊಳ್ಳುತ್ತಿದ್ದರು.

"ಆ ಡಾಕ್ಟ್ರ ಮನೇಲಿ ಸಿಮೆಂಟ್ ನೆಲ ಐತೆ ಕಣಮ್ಮಿ. ನಮ್ ಮಗ ಯಾಕ್ ಕಲ್ಲು ಮುಳ್ಳು ತುಳೀಬೇಕು?"

ಈ ಸಲ ರಾಜಾನುಕುಂಟೆಯ ನಮ್ಮ ತೋಟದಲ್ಲಿ ಮೊದಲ ದ್ರಾಕ್ಷಿ ಫಸಲು. ಇವತ್ತು ಕೊಯ್ಲಿಗೆ ಎಲ್ಲರ ಕೈಯೂ ಬೇಕಾಯಿತು. ಅತ್ತೆ ಬೇರೆ ದಾರಿಯಿಲ್ಲದೆ ಸರೋಜಳನ್ನು ಚಪ್ಪರದ ಕೆಳಗೆ ಕೂರಿಸಿ, ಬುಟ್ಟಿಯನ್ನು ಸೊಂಟಕ್ಕೆ ಏರಿಸಿಕೊಂಡರು. ತನ್ನ ಜಾಗದಲ್ಲಿ ಕೂತ ಬುಟ್ಟಿಯನ್ನು ಮಗು ದುರುಗುಟ್ಟಿ ನೋಡಿತು. ಅತ್ತೆ ಮುಂದಿನ ಸಾಲಿಗೆ ಹೋದದ್ದೇ ತಡ, ಸರೋಜ ಚಪ್ಪರದ ಕಲ್ಲುಕಂಬ ಹಿಡಿದು ಎದ್ದಳು. ಕಂಬ ಬಿಟ್ಟಳು. ತೂರಾಡುತ್ತ ಹೋಗಿ ಅತ್ತೆಯ ಸೀರೆ ಹಿಡಿದು ಬುಟ್ಟಿಯನ್ನು ಕೆಳಕ್ಕೆ ಎಳೆಯತೊಡಗಿದಳು.

"ಏ ನನ್ ಸವತಿ, ಬುಟ್ಟಿ ಮೇಲೂ ಒಟ್ಟೆಕಿಚ್ಚಾ ನಿಂಗೆ?" ಎಂದು ಅತ್ತೆ ಬಿದ್ದು ಬಿದ್ದು ನಕ್ಕರು. ನಗುತ್ತಲೇ ಬುಟ್ಟಿ ಇಳಿಸಿ ಅವಳನ್ನು ಎತ್ತಿಕೊಂಡೇಬಿಟ್ಟರು.

ನಾನು ಕತ್ತರಿ ಕೈಯಲ್ಲಿರುವಂತೆಯೇ ಓಡಿ ಬಂದೆ. "ಅತ್ತೆ, ಇನ್ನೊಂದ್ಸಲ ನಡೀಲಿ, ಇಳಿಸ್ರೀ."

ಅವರು ಸ್ವಲ್ಪ ಹೊತ್ತು ಮಗುವನ್ನು ಅವಚಿಕೊಂಡೇ ನಿಂತಿದ್ದರು. ಆಮೇಲೆ ತಾವೇ ಅವಳನ್ನು ಮಣ್ಣಿನ ಮೇಲೆ ನಿಲ್ಲಿಸಿ, ಎರಡೂ ಕೈ ಚಾಚಿ ಹಿಂದಹಿಂದಕ್ಕೆ ಸರಿದರು.

"ಬಾ ಮಗ, ಇಂಗ್ ಬಾ. ಇನ್ನೊಂದ್ ಎಜ್ಜೆ."