ಆಪಾ ಮನೆಗೆ ಬಂದ ಪಾತ್ರೆ ತೊಳೆಯುವ ಮಿಷಿನ್

ಹೋದ ತಿಂಗಳು ಚಿಕ್ಕಬಳ್ಳಾಪುರದಿಂದ ಚಿಂತಾಮಣಿಗೆ ಒಂದು ಮದುವೆಗೆಂದು ಹೊರಟಿದ್ದೆ. ಬಸ್ಸು ಶಿಡ್ಲಘಟ್ಟದೊಳಕ್ಕೆ ತಿರುಗಿದಾಗ ಕಿಟಕಿಯಿಂದ ಆ ವಾಸನೆ ಬಂತು. ರೇಷ್ಮೆಗೂಡು ಬೇಯುವ ವಾಸನೆ. ಪಕ್ಕದಲ್ಲಿದ್ದ ಹುಡುಗಿ ದುಪಟ್ಟಾ ಮೂಗಿಗೆ ಒತ್ತಿಕೊಂಡಳು. ನಾನು ಕಿಟಕಿಯ ಗಾಜನ್ನು ಇನ್ನಷ್ಟು ಸರಿಸಿದೆ. ಒಂದು ಕಾಲದಲ್ಲಿ ದಿನಾ ಸಂಜೆ ಆ ವಾಸನೆಯನ್ನು ಮೈಮೇಲೆ ಹೊತ್ತುಕೊಂಡು ಒಬ್ಬರು ನಮ್ಮ ವಠಾರದ ಬಾಗಿಲು ದೂಡಿ ಒಳಗೆ ಬರುತ್ತಿದ್ದರು...

ಎಂಬತ್ತರ ದಶಕ ಮುಗಿಯುತ್ತಿದ್ದ ಕಾಲ ಅದು. ಮದುವೆಯಾಗಿ ಗೌರಿಬಿದನೂರಿನ ತವರಿನಿಂದ ಹೊಸದಾಗಿ ಶಿಡ್ಲಘಟ್ಟಕ್ಕೆ ಬಂದಿದ್ದೆ. ಉದ್ದನೆಯ ಅಂಗಳ, ಎರಡೂ ಕಡೆ ಸಾಲುಮನೆ, ನಡುವೆ ಎಲ್ಲರಿಗೂ ಒಂದೇ ನಲ್ಲಿ. ನಮ್ಮ ಗೋಡೆಗೆ ಅಂಟಿಕೊಂಡ ಮನೆ ಅವರದು. ಎಲ್ಲರೂ ಕರೆಯುತ್ತಿದ್ದಂತೆ ನಾನೂ ಅವರನ್ನು ಆಪಾ ಅಂತಲೇ ಕರೆದೆ. ಅಕ್ಕ ಅಂತ.

ಆಪಾ ರೇಷ್ಮೆ ನೂಲು ತೆಗೆಯುವ ಕಡೆ ಕೆಲಸಕ್ಕೆ ಹೋಗುತ್ತಿದ್ದರು. ಬೆಳಗಿನಿಂದ ಸಂಜೆವರೆಗೂ ಗೂಡು ತೇಲುವ ಬಿಸಿನೀರಿನಲ್ಲಿ ಬೆರಳಾಡಿಸಿ ಎಳೆ ಹಿಡಿಯುವ ಕೆಲಸ. ಬೆರಳ ತುದಿಗಳು ಬೆಳ್ಳಗೆ ನೆಂದು, ಚರ್ಮ ಸುಲಿದು, ಗೆರೆಗೆರೆಯಾಗಿ ಸೀಳಿರುತ್ತಿದ್ದವು. ಆ ಕೈಯಲ್ಲೇ ಸಂಜೆ ನಲ್ಲಿಯ ಮುಂದೆ ಕೂತು ಬೂದಿ, ಸೋಪಿನ ಪುಡಿ ಹಾಕಿ ಪಾತ್ರೆ ಉಜ್ಜುತ್ತಿದ್ದರು. ಉರಿ ತಡೆಯಲಾರದೆ ಆಗಾಗ ಕೈಯನ್ನು ಗಾಳಿಗೆ ಒಡ್ಡಿ ಕಣ್ಣು ಮುಚ್ಚುವರು. "ಬಿಡಿ ಆಪಾ, ನಾನು ತೊಳೆದುಕೊಡ್ತೀನಿ" ಅಂದರೆ, "ನಿನ್ನ ಮದರಂಗಿ ಇನ್ನೂ ಹೋಗಿಲ್ಲ, ಹೋಗಮ್ಮಾ" ಅಂತ ನಗುವರು.

ಅವರಿಗೆ ಇದ್ದವನು ಒಬ್ಬ ತಮ್ಮ. ತಾಯಿ ಹೋದಾಗ ಅವನು ಇನ್ನೂ ಅಂಬೆಗಾಲಿಡುತ್ತಿದ್ದನಂತೆ. ಅವನನ್ನು ಸಾಕುವುದರಲ್ಲೇ ಆಪಾ ಮದುವೆಯ ಮಾತು ಹಿಂದೆ ಬಿದ್ದು, ಆಮೇಲೆ ಬಿದ್ದೇ ಹೋಯಿತು. ಚಿಂತಾಮಣಿಯ ಕಾಲೇಜಿನಲ್ಲಿ ಪಿಯುಸಿ ಓದಿಸಿದರು. ಅವನು ದುಬೈಗೆ ಹೋದ. ಅಲ್ಲಿ ದೊಡ್ಡ ಹೋಟೆಲಿನ ಕೌಂಟರಿನಲ್ಲಿ ಕೂರುತ್ತಾನೆ, ತಂಪು ಗಾಳಿಯ ಮಿಷಿನ್ ಇರುತ್ತೆ, ಟೈ ಕಟ್ಟುತ್ತಾನೆ... ಆಪಾ ಇದನ್ನು ಹೇಳುವಾಗ ಆ ತಂಪು ಗಾಳಿ ನಮ್ಮ ಅಂಗಳಕ್ಕೇ ಬಂದು ಬೀಸಿದಂತೆ ಇರುತ್ತಿತ್ತು.

ಅವನು ಮೊದಲ ಸಲ ರಜೆಗೆ ಬಂದಾಗ ಟೆಂಪೋದಿಂದ ಇಳಿದದ್ದು ಟಿವಿಯಲ್ಲ. ಮರದ ಪೆಟ್ಟಿಗೆಯೊಳಗೆ ಒಂದು ಬಿಳೀ ಬೀರುವಿನಂಥದ್ದು. ಪಾತ್ರೆ ತೊಳೆಯುವ ಮಿಷಿನ್. ಆಪಾಳ ಕೈಗೋಸ್ಕರ ಅಂತ ಅಲ್ಲಿಂದ ಹಡಗಿನಲ್ಲಿ ಹಾಕಿಸಿದ್ದ.

ನಲ್ಲಿಯಲ್ಲಿ ದಿನ ಬಿಟ್ಟು ದಿನ ನೀರು. ಮಿಷಿನ್‌ಗೆ ನೀರು ರಭಸದಿಂದ ಬರಬೇಕು. ಅವನು ತಾರಸಿಯ ಮೇಲೆ ಡ್ರಮ್ ಏರಿಸಿ, ರಬ್ಬರ್ ಪೈಪ್ ಇಳಿಬಿಟ್ಟ. ಒಂದು ಭಾನುವಾರ ಮಧ್ಯಾಹ್ನ ಇಡೀ ವಠಾರ ಆಪಾ ಮನೆಯ ಬಾಗಿಲಲ್ಲಿ ಸೇರಿತು. ನಾನೂ ನನ್ನ ಹೊಸ ಗಾಜಿನ ಲೋಟಗಳನ್ನು ತೊಳೆಯಲು ಒಯ್ದಿದ್ದೆ.

ಅವನು ಮೊಣಕಾಲೂರಿ ಕೂತ. ಆಮೇಲೆ ನಡೆದದ್ದು ಒಂದು ಬಗೆಯ ಕುಣಿತ. ತಟ್ಟೆಗಳು ಒಂದೇ ಕಡೆ ವಾಲಿ ಸಾಲಾಗಿ ನಿಂತವು, ಬಟ್ಟಲುಗಳು ಬೋರಲಾದವು, ಚಮಚಗಳು ತಮ್ಮ ಗೂಡು ಹೊಕ್ಕವು. ಅವನು ನಮ್ಮ ಜೊತೆ ಮಾತಾಡುತ್ತಲೇ ಇದ್ದ, ಕೈ ತನ್ನಷ್ಟಕ್ಕೆ ಓಡುತ್ತಿತ್ತು. ಬಾಗಿಲು ಮುಚ್ಚಿ ಗುಂಡಿ ತಿರುಗಿಸಿದ. ಒಳಗೆ ನೀರು ಮೊರೆಯಿತು. ಮಕ್ಕಳು ಕಿವಿ ಹಚ್ಚಿ ಕೇಳಿದರು. ತೆರೆದಾಗ ಬಿಳಿಯ ಹಬೆ ಮೆಲ್ಲಗೆ ಎದ್ದು ಎಲ್ಲರ ಮುಖ ಸವರಿತು. ಅದರ ಹಿಂದೆ ಲೋಟಗಳು ಮಂಜಿನಲ್ಲಿ ಕಂಡ ದೀಪಗಳ ಹಾಗೆ... ಹೆಂಗಸರು ಚಪ್ಪಾಳೆ ಹೊಡೆದರು.

ಆಪಾ ಮಾತ್ರ ಮಿಷಿನ್ ಕಡೆ ನೋಡಲೇ ಇಲ್ಲ.

ಎಲ್ಲರೂ ಹೋದ ಮೇಲೆ ನಾನು ಲೋಟ ಒರೆಸುತ್ತ ಉಳಿದಿದ್ದೆ. ಆಪಾ ತಮ್ಮನ ಕೈ ಎಳೆದು ಅಂಗೈ ಮೇಲೆ ಮಾಡಿದರು. ಮಾತಾಡಿದ್ದು ಉರ್ದುವಿನಲ್ಲಿ. ಅಷ್ಟು ಹೊತ್ತಿಗೆ ನನಗೂ ಅರ್ಥವಾಗುತ್ತಿತ್ತು.

"ಕೌಂಟರಲ್ಲಿ ಕೂತ್ರೆ ಕೈ ಹಿಂಗಾಗುತ್ತಾ?"

ಅವನು ಕೈ ಬಿಡಿಸಿಕೊಳ್ಳಲು ನೋಡಿದ. ಆಪಾ ಬಿಡಲಿಲ್ಲ.

"ಅಲ್ಲಿ ಇದಕ್ಕಿಂತ ದೊಡ್ಡ ಮಿಷಿನ್ ಇದೆ ಆಪಾ. ಕಷ್ಟ ಇಲ್ಲ."

"ಬಿರಿಯಾನಿ ಮಾಡೋ ಅಷ್ಟಷ್ಟು ದೊಡ್ಡ ಪಾತ್ರೆ? ಅದೂ ಮಿಷಿನ್ನೇ ತೊಳೆಯುತ್ತಾ?"

ಆಪಾ ಆ ಸುಲಿದ ಬೆರಳುಗಳನ್ನು ಒಂದೊಂದಾಗಿ ತಮ್ಮದೇ ಸುಲಿದ ಬೆರಳುಗಳಿಂದ ಸವರಿದರು.

"ನಿನ್ನ ಕೈ ನೀರಿಗೆ ಬೀಳಬಾರ್ದು ಅಂತ ಕಣೋ ನಾನು ನನ್ನ ಕೈ ಇಟ್ಟಿದ್ದು..." ಅಂದರು. ಅವನು ಅಕ್ಕನ ಮಡಿಲಲ್ಲಿ ತಲೆ ಇಟ್ಟ. ನಾನು ಲೋಟಗಳನ್ನು ಅಲ್ಲೇ ಬಿಟ್ಟು ಎದ್ದು ಬಂದೆ.

ಮಿಷಿನ್ ನಮ್ಮ ಊರಿಗೆ ಒಗ್ಗಲಿಲ್ಲ ಅನ್ನುವುದೂ ನಿಜ. ಡ್ರಮ್ಮಿಗೆ ನೀರು ಹೊತ್ತು ಹಾಕುವ ಹೊತ್ತಿಗೆ ಕೈಯಲ್ಲೇ ತೊಳೆದು ಮುಗಿಯುತ್ತಿತ್ತು. ಮುದ್ದೆಯ ಪಾತ್ರೆ ಅದರೊಳಗೆ ಹಿಡಿಸದು, ಅಲ್ಯೂಮಿನಿಯಂ ಡಬರಿ ಕಪ್ಪಾಗಿ ಹೊರಬಂತು. ಅರ್ಧದಲ್ಲಿ ಕರೆಂಟು ಹೋದರೆ ತಟ್ಟೆಗಳು ಸೋಪಿನ ನೀರಿನಲ್ಲೇ ಕತ್ತಲೆಯಲ್ಲಿ ಕಾಯುತ್ತಿದ್ದವು. ಆಪಾ ಅದರ ಮೇಲೆ ಹೂವಿನ ಬಟ್ಟೆ ಹೊದಿಸಿ, ಹಬ್ಬದ ಪಿಂಗಾಣಿಯನ್ನು ಒಳಗೆ ಜೋಡಿಸಿಟ್ಟರು.

ಉಳಿದ ರಜೆಯಲ್ಲಿ ಸಂಜೆಯಾದರೆ ಅಕ್ಕ ತಮ್ಮ ಇಬ್ಬರೂ ನಲ್ಲಿಯ ಮುಂದೆ ಕೂರುತ್ತಿದ್ದರು. ಉಜ್ಜುವ ಕೆಲಸ ಅವನದು, ಜಾಲಿಸುವುದು ಆಪಾ. ಆ ಕಡೆಯಿಂದ ಹಾದುಹೋಗುವ ಗಂಡಸರು, "ಏನಪ್ಪಾ, ದುಬೈ ಸಾಹೇಬ್ರು ಹೆಂಗಸರ ಕೆಲಸಕ್ಕೆ ಕೂತುಬಿಟ್ರಲ್ಲ?" ಅನ್ನುವರು. "ಅಲ್ಲೂ ಇದೇ ಕೆಲಸ ಭಾಯ್" ಅಂತ ಅವನು ಗಟ್ಟಿಯಾಗಿಯೇ ಹೇಳುವನು. ಮೊದಲ ಸಲ ಅವನು ಹಾಗೆ ಅಂದಾಗ ಆಪಾಳ ಕೈಯ ಚೊಂಬು ನಿಂತದ್ದು, ಆಮೇಲೆ ಅವರು ತಲೆ ಎತ್ತಿ ಬೀದಿಯ ಕಡೆ ನೋಡಿದ್ದು ನನಗೆ ನೆನಪಿದೆ. ಇಳಿಬಿಸಿಲಿನಲ್ಲಿ ನೀರು ಬಂಗಾರದ ಬಣ್ಣಕ್ಕೆ ತಿರುಗಿ ಕಾಲುವೆಗೆ ಹೋಗುತ್ತಿತ್ತು. ನಾನೂ ನಮ್ಮ ಮನೆಯ ಪಾತ್ರೆ ತಂದು ಪಕ್ಕದಲ್ಲಿ ಕೂರುತ್ತಿದ್ದೆ. ಏನು ಮಾತಾಡಿದೆವೋ, ಒಂದೂ ನೆನಪಿಲ್ಲ. ನಕ್ಕಿದ್ದಷ್ಟೇ...

ಕರಾರು ಮುಗಿಸಲು ಅವನು ಮತ್ತೆ ದುಬೈಗೆ ಹೋದ. ಮುಗಿದದ್ದೇ ವಾಪಸ್ ಬಂದು ಚಿಂತಾಮಣಿಯ ಮಾರುಕಟ್ಟೆ ಹತ್ತಿರ ಸಣ್ಣ ಹೋಟೆಲ್ ತೆರೆದ. ಅಕ್ಕನನ್ನು ನೂಲಿನ ಕೆಲಸ ಬಿಡಿಸಿ ಕರೆದುಕೊಂಡು ಹೋದ. ಮಿಷಿನ್ನೂ ಲಾರಿ ಹತ್ತಿತು. ಕೆಲವು ವರ್ಷಗಳ ಮೇಲೆ ಒಮ್ಮೆ ಅಲ್ಲಿಗೆ ಹೋಗಿದ್ದೆ. ಆಪಾ ಕನ್ನಡಕ ಹಾಕಿಕೊಂಡು ಗಲ್ಲಾ ಮುಂದೆ ಕೂತಿದ್ದರು. ನನ್ನ ಕೈ ಹಿಡಿದುಕೊಂಡರು. ಒಣಗಿದ, ಬೆಚ್ಚಗಿನ, ನುಣುಪಾದ ಕೈ. ಬೇರೆ ಯಾರದೋ ಕೈ ಅನ್ನಿಸಿತು.

ಆಮೇಲೆ ನಮಗೆ ಚಿಕ್ಕಬಳ್ಳಾಪುರ, ಅವರಿಗೆ ಚಿಂತಾಮಣಿ. ದೂರವೇನಲ್ಲ. ಆದರೂ ವರ್ಷಗಳು ಹಾಗೆಯೇ...

ಹೋದ ತಿಂಗಳು ಮದುವೆ ಊಟ ಮುಗಿಸಿ ಮಾರುಕಟ್ಟೆ ಕಡೆ ನಡೆದೆ. ಹೋಟೆಲ್ ಇದ್ದ ಜಾಗದಲ್ಲಿ ಮೊಬೈಲ್ ಅಂಗಡಿ. ಪಕ್ಕದ ಬಳೆ ಅಂಗಡಿಯ ಮುದುಕರನ್ನು ಕೇಳಿದೆ. "ಆಯಮ್ಮ ಹೋಗ್ಬಿಟ್ರಮ್ಮ. ಬಹಳ ದಿನ ಆಯ್ತು. ತಮ್ಮ ಕೊನೇವರೆಗೂ ಚೆನ್ನಾಗಿ ನೋಡ್ಕೊಂಡ. ಆಮೇಲೆ ಅವನೂ ಅಂಗಡಿ ಮಾರಿ ಎಲ್ಲಿಗೋ ಹೊರಟೋದ" ಅಂದರು. ಕೂರಲು ಸ್ಟೂಲು ಕೊಟ್ಟರು.

ಮನೆಗೆ ಬಂದಾಗ ನಮ್ಮವರು ಪೇಪರಿನ ಜಾಹೀರಾತು ಹಿಡಿದುಕೊಂಡು ಕಾಯುತ್ತಿದ್ದರು. ನನ್ನ ಮಣಿಕಟ್ಟಿನ ನೋವಿಗೆ ಪಾತ್ರೆ ತೊಳೆಯುವ ಮಿಷಿನ್ ತರೋಣ ಅಂತ ಅವರು ಹೇಳುತ್ತಲೇ ಇದ್ದರು, ನಾನು ಮುಂದೂಡುತ್ತಲೇ ಇದ್ದೆ. ಈಗ ನೀರಿದೆ, ಕರೆಂಟಿದೆ, ಮನೆಯಲ್ಲಿ ಇರುವವರು ಇಬ್ಬರೇ.

"ಏನಂತೀಯ? ತಂದರೆ ಪ್ರಯೋಜನ ಆಗುತ್ತಾ?" ಅಂದರು.

"ತರೋಣ" ಅಂದೆ. ನಂತರ, ಆಪಾ ಹೋದ ಸುದ್ದಿ ಹೇಳಿದೆ. ಅವರು ಪೇಪರ್ ಮಡಿಸಿಟ್ಟು, ಸಿಂಕಿನಲ್ಲಿದ್ದ ಬೆಳಗಿನ ಎರಡು ತಟ್ಟೆ ತೊಳೆಯಲು ಎದ್ದು ಹೋದರು. ನಾನೂ ಹೋಗಿ ಪಕ್ಕದಲ್ಲಿ ನಿಂತೆ.