ಬ್ಯಾರನ್ ಬಾಗಿಲು, ಬಿಳಿ ಪುಡಿ

ನನಗೆ ಸಿಟ್ಟು ಮೂಗಿನ ತುದಿಯಲ್ಲೇ. ಪಿರಿಯಾಪಟ್ಟಣದ ಹತ್ತಿರ ನಮ್ಮದೊಂದು ಬ್ಯಾರನ್ ಇತ್ತು, ತಂಬಾಕು ಎಲೆಯನ್ನು ಬಿಸಿಯಲ್ಲಿ ಹದ ಮಾಡುವ ಮನೆ. ಹೊತ್ತಲ್ಲದ ಹೊತ್ತಿನಲ್ಲಿ ಗಾಳಿ ನುಗ್ಗಿದರೆ ಎಲೆ ಕೆಡುತ್ತದೆಂದು ಅದರ ಬಾಗಿಲನ್ನು ಅಪ್ಪನೊಬ್ಬನೇ ತೆಗೆಯುತ್ತಿದ್ದ. ನನ್ನನ್ನಂತೂ ಹತ್ತಿರ ಬಿಟ್ಟುಕೊಳ್ಳುತ್ತಿರಲಿಲ್ಲ. ಅದಕ್ಕೂ ನನಗೆ ಸಿಟ್ಟೇ.

ತೊಂಬತ್ತರ ದಶಕದ ಕೊನೆಯಲ್ಲಿ ಮೈಸೂರಿನ ಪ್ರಯೋಗಾಲಯದಲ್ಲಿ ನನಗೂ ಅಪ್ಪನಂತೆ ಗಾಳಿಗೆ ಕಾವಲು ಕೂರುವ ಪಾಡು ಬಂತು. ಜಿರ್ಕೋನಿಯಂ ಲೋಹಕ್ಕೆ ಇಂಗಾಲದ ಉಂಗುರಗಳನ್ನು ಜೋಡಿಸಿ ಕಿತ್ತಳೆ ಬಣ್ಣದ ಸಂಯುಕ್ತವೊಂದನ್ನು ಮಾಡಿದ್ದೆ. ಅದರ ದ್ರಾವಣದೊಳಗೆ ಎಥಿಲೀನ್ ಹಾಯಿಸಿದರೆ, ಆ ಅನಿಲದ ಪುಟ್ಟ ಅಣುಗಳು ಒಂದಕ್ಕೊಂದು ಸೇರಿ ಉದ್ದನೆಯ ಸರಪಳಿಯಾಗಬೇಕು. ಆದರೆ ಗಾಳಿಯಲ್ಲಿನ ಚೂರು ತೇವ ಸೋಕಿದರೂ ಬಣ್ಣ ಹೋಗಿ, ಬೆಳ್ಳಗೆ ಕದಡಿ, ಎಲ್ಲ ಹಾಳು. ಮತ್ತೆ ಮತ್ತೆ ಹಾಗೇ ಆಗಿತ್ತು. ಈ ಸಲವೂ ಕೆಟ್ಟರೆ ಸಂಶೋಧನೆಯ ವಿಷಯವನ್ನೇ ಬದಲಿಸೋಣ ಎಂದು ಗುರುಗಳು ಹೇಳಿಬಿಟ್ಟಿದ್ದರು.

ನಾನು ಅನಿಲ ಬಿಡುವ ಹೊತ್ತಿಗೆ ಸರಿಯಾಗಿ ಅಪ್ಪ ಅವರೆಕಾಯಿ ಚೀಲ ಹಿಡಿದು ಬಂದ. ಬಾಗಿಲಲ್ಲೇ ನಿಂತ.

"ಒಳಗೆ ಬಾರಪ್ಪ."

"ಬ್ಯಾಡ ಬುಡವ್ವ. ಗಾಳಿ ತಾಕ್‌ಬಾರ್ದು ಅಂತ ನೀನೇ ಅಂತಿದ್ದೆ. ಇಲ್ಲಿಂದ್ಲೇ ನೋಡ್ತೀನಿ."

ಗಾಜಿನ ಪಾತ್ರೆ ಮುಚ್ಚಿದೆ, ಗಾಳಿ ತಾಕುವುದಿಲ್ಲ ಎಂದರೂ ಕೇಳಲಿಲ್ಲ. ಸ್ವಲ್ಪ ಹೊತ್ತಿಗೆ ಅಲ್ಲಿಂದಲೇ, "ಬೆಳ್ಳಗಾಯ್ತಲ್ಲ ಕಣವ್ವ" ಅಂದ.

"ಸುಮ್ನಿರಪ್ಪ, ಕೆಟ್ಟೋಯ್ತು" ಎಂದು ರೇಗಿ, ಅನಿಲ ನಿಲ್ಲಿಸಲು ಕೈ ಚಾಚಿದೆ. ಅಷ್ಟರಲ್ಲಿ ಪಾತ್ರೆಯ ತಳದಲ್ಲಿ ಗಿರಗಿರನೆ ತಿರುಗುತ್ತಾ ಕಲಕುತ್ತಿದ್ದ ಅಯಸ್ಕಾಂತದ ತುಂಡು ತಡವರಿಸಿ ನಿಂತೇಬಿಟ್ಟಿತು. ಕೆಟ್ಟ ದ್ರಾವಣ ನೀರಿನಂತೆ ತೆಳ್ಳಗೇ ಇರುತ್ತದೆ. ಇದು ರವೆ ಗಂಜಿಯಂತೆ ಗಟ್ಟಿಯಾಗಿತ್ತು. ಕೆಟ್ಟಲ್ಲ, ಸರಪಳಿ ಬೆಳೆದೇ ಬೆಳ್ಳಗಾಗಿತ್ತು. ಖುಷಿಗೆ ನನಗೆ ಅಳುವೇ ಬಂತು, ಅಪ್ಪ ಕೆಟ್ಟಿತೆಂದೇ ತಿಳಿದು ಸಮಾಧಾನ ಮಾಡತೊಡಗಿದ.

ಹಬ್ಬಕ್ಕೆ ಊರಿಗೆ ಹೋದಾಗ ಒಣಗಿದ ಪುಡಿಯನ್ನು ಪುಟ್ಟ ಸೀಸೆಯಲ್ಲಿ ಒಯ್ದು, ಅದೇನೆಂದು ವಿವರಿಸಿ ಅಪ್ಪನಿಗೆ ತೋರಿಸಿದೆ.

"ಇದು ಪ್ಲಾಸ್ಟಿಕ್ ಅಲ್ವಾ? ಸಂತೇಲಿ ಇದರ ಚೀಲ ಪುಕ್ಕಟೆ ಕೊಡ್ತಾರಲ್ಲ."

"ಹೂಂ, ಅದೇ" ಎಂದು ನಕ್ಕೆ. ಸಿಟ್ಟು ಬರಲಿಲ್ಲ. ಅಪ್ಪ ಸೀಸೆಯನ್ನು ವಾಪಸ್ ಕೊಡಲಿಲ್ಲ, ದೇವರ ಗೂಡಿನಲ್ಲಿ ಇಟ್ಟ.

ಮುಂದಿನ ಹಂಗಾಮಿನಲ್ಲಿ ಎಲೆ ಹದಕ್ಕೆ ಬಂದ ದಿನ ನಾನು ಊರಲ್ಲಿದ್ದೆ. ಬ್ಯಾರನ್ ಮುಂದೆ ಹೋದ ಅಪ್ಪ ಚಿಲಕಕ್ಕೆ ಕೈ ಹಾಕದೆ ಪಕ್ಕಕ್ಕೆ ಸರಿದು ನಿಂತ.

"ನೀನೇ ತೆಗಿಯವ್ವ" ಅಂದ.