ಬಾಗಿಲಲ್ಲಿ ಬಾಣಂತಿ

ನಮ್ಮ ಮುಂಬಾಗಿಲಿಗೆ ತೂಗುಹಾಕಿದ್ದ ಒಣಹೂವಿನ ದುಂಡು ಹಾರದಲ್ಲಿ ಹಕ್ಕಿಯೊಂದು ಗೂಡು ಕಟ್ಟಿ ಮೊಟ್ಟೆಯಿಟ್ಟಿದೆ. ಹಾಗಾಗಿ ನಮ್ಮ ಮನೆಗೆ ಬರುವವರೆಲ್ಲ ಈಗ ಕಸದ ಡಬ್ಬಗಳ ಪಕ್ಕ ನುಸುಳಿ ಗ್ಯಾರೇಜಿನ ಕಡೆಯಿಂದ ಬರಬೇಕು. "ಮನೆ ನಮ್ದೋ, ಅದರದ್ದೋ?" ಎಂದು ನಮ್ಮವರು ಬೆಳಿಗ್ಗೆ ಗೊಣಗಿದರು. ನನಗೆ ಮಿಸೆಸ್ ಹೇಲ್ ನೆನಪಾದರು.

ನಾವು ಅಮೆರಿಕಕ್ಕೆ ಬಂದ ಹೊಸತು, ಅದು ಕಂಪ್ಯೂಟರಿನವರಿಗೆಲ್ಲ ಸುಗ್ಗಿಯ ಕಾಲ. ನಮ್ಮವರು ಕತ್ತಲಿರುವಾಗಲೇ ಜರ್ಸಿ ಸಿಟಿಗೆ ಹೊರಟುಬಿಡುತ್ತಿದ್ದರು. ಕೆಲಸ ಮಾಡುವ ಹಾಗಿಲ್ಲದ ವೀಸಾದ ನಾನು ಮಾರಿಸ್‌ಟೌನಿನ ಅಪಾರ್ಟ್‌ಮೆಂಟಿನಲ್ಲಿ ಕುಳಿತು ನನ್ನ ಹೊಸ ಡ್ರೈವಿಂಗ್ ಲೈಸೆನ್ಸನ್ನು ಆಗಾಗ ತೆಗೆದು ನೋಡಿಕೊಳ್ಳುತ್ತಿದ್ದೆ. ಫೋಟೋದಲ್ಲಿ ಕಣ್ಣು ಮುಚ್ಚಿತ್ತು, ಆ ಮಾತು ಬೇರೆ. ಕೆಳಗಿನ ಮನೆಯಲ್ಲಿದ್ದ ಮಿಸೆಸ್ ಹೇಲ್ ಎಂಬತ್ತು ದಾಟಿದವರು. ನಮ್ಮ ಕಾನ್ವೆಂಟಿನ ಸಿಸ್ಟರುಗಳ ಹಾಗೆ ಕರವಸ್ತ್ರವನ್ನು ಅಂಗಿಯ ತೋಳಿನೊಳಗೆ ಸಿಕ್ಕಿಸಿಕೊಳ್ಳುತ್ತಿದ್ದರು. ಅಷ್ಟಕ್ಕೇ ನನಗೆ ಅವರೆಂದರೆ ಭಯವೂ ಪ್ರೀತಿಯೂ.

ಅವರು ಹುಟ್ಟಿದ ಹಳ್ಳಿಯನ್ನು ಯುದ್ಧಕಾಲದಲ್ಲಿ ಸೈನ್ಯದವರು ತರಬೇತಿಗೆಂದು ತೆಗೆದುಕೊಂಡಿದ್ದರಂತೆ. ಮನೆಗಳೆಲ್ಲ ಹೋಗಿ, ಅವರ ತಾಯಿಯನ್ನು ಮಣ್ಣು ಮಾಡಿದ್ದ ಪುಟ್ಟ ಸ್ಮಶಾನ ಮಾತ್ರ ಬೇಲಿಯೊಳಗೆ ಉಳಿದಿತ್ತು. ವರ್ಷಕ್ಕೊಮ್ಮೆ, ವಸಂತದಲ್ಲಿ, ಒಳಗೆ ಬಿಡುತ್ತಿದ್ದರು. ಆ ಬೇಸಿಗೆಗೆ ಮಿಸೆಸ್ ಹೇಲ್ ಅರಿಜೋನಾದ ಮಗಳ ಮನೆಗೆ ಹೋಗಿ ನೆಲೆಸುವವರಿದ್ದರು. "ಇದೇ ಕೊನೆಯ ಸಲ. ಕರೆದುಕೊಂಡು ಹೋಗುತ್ತೀಯಾ?" ಎಂದು ಕೇಳಿದರು.

"ಮಿಲಿಟರಿಯವ್ರ ಜಾಗಕ್ಕೆ ನೀನಾ? ಅವರ ಟ್ಯಾಂಕ್ ಜೋಪಾನ ಕಣೇ," ಎಂದರು ನಮ್ಮವರು.

ಅಲ್ಲಿನ ಮರ, ಹಕ್ಕಿ, ಹಳೆಯ ಗೋರಿಗಳನ್ನು ನೋಡಿಕೊಳ್ಳುವ ತರುಣನೊಬ್ಬ ಮುಂದೆ ಜೀಪಿನಲ್ಲಿ ದಾರಿ ತೋರಿಸಿದ. ಸ್ಮಶಾನದ ಕಬ್ಬಿಣದ ಗೇಟು ಕಾಣುವಷ್ಟರಲ್ಲಿ ಗಕ್ಕನೆ ನಿಲ್ಲಿಸಿದ. ಗೇಟಿನ ಮುಂದಿನ ಜಲ್ಲಿಯಲ್ಲೇ, ನಮ್ಮ ಟಿಟ್ಟಿಭದಂಥ ಉದ್ದ ಕಾಲಿನ ಹಕ್ಕಿಯೊಂದು ಮೊಟ್ಟೆಯ ಮೇಲೆ ಕೂತಿತ್ತು. "ಕ್ಷಮಿಸಿ ಮೇಡಂ. ಮರಿ ಆಗುವವರೆಗೂ ಇತ್ತ ಟ್ಯಾಂಕನ್ನೂ ಬಿಡುವುದಿಲ್ಲ," ಎಂದು ಕೆಂಪು ಪಟ್ಟಿ ಕಟ್ಟತೊಡಗಿದ.

ಮಿಸೆಸ್ ಹೇಲ್ ಮುಖ ಕೆಂಪಾಯಿತು. "ಊರು ಬಿಡಿಸಿದಿರಿ. ಈಗ ಹಕ್ಕಿಯ ನೆಪದಲ್ಲಿ ಅಮ್ಮನನ್ನೂ ಬಿಡಿಸುತ್ತೀರಾ?"

ಅಷ್ಟರಲ್ಲಿ ಹಕ್ಕಿ ಎದ್ದು, ರೆಕ್ಕೆ ಮುರಿದಂತೆ ನೆಲಕ್ಕೆ ಎಳೆದುಕೊಂಡು, ಕಿರುಚುತ್ತಾ ನಮ್ಮನ್ನು ಗೂಡಿನಿಂದ ಆಚೆ ಕರೆದೊಯ್ಯಲು ನೋಡಿತು. ಏನಾದರೂ ಹೇಳಬೇಕಲ್ಲ ಎಂದು ನಾನು, "ನಮ್ಮಲ್ಲಿ ಇವಳನ್ನು ಬಾಣಂತಿ ಅಂತಾರೆ. ಬಾಣಂತಿಯ ಕೋಣೆಗೆ ಗಂಡನೂ ಕೇಳಿಕೊಂಡೇ ಹೋಗಬೇಕು," ಎಂದೆ. ಮೊಟ್ಟೆಯ ಮೇಲೆ ಕೂತವಳು ಬಾಣಂತಿಯೋ ಬಸುರಿಯೋ, ಈಗಲೂ ನನಗೆ ಗೊತ್ತಿಲ್ಲ.

ಮಿಸೆಸ್ ಹೇಲ್ ಬಹಳ ಹೊತ್ತು ಹಕ್ಕಿಯನ್ನು ನೋಡಿದರು. "ನಾನು ಹುಟ್ಟಿದಾಗ ಅಜ್ಜಿ ಪಾದ್ರಿಯನ್ನೂ ಬಾಗಿಲಿಂದಲೇ ವಾಪಸ್ ಕಳಿಸಿದ್ದಳಂತೆ," ಎಂದರು. ಆಮೇಲೆ ಹುಡುಗನ ಕಡೆ ಬೆರಳು ತೋರಿಸಿ, "ಮರಿಗಳು ಎದ್ದ ದಿನವೇ ನನಗೆ ಫೋನ್ ಬರಬೇಕು."

ಬಂತು. ಅವರ ಸಾಮಾನಿನ ಟ್ರಕ್ಕು ಬಾಗಿಲಲ್ಲಿ ನಿಂತಿದ್ದ ಬೆಳಿಗ್ಗೆ ಬಂತು. ಟ್ರಕ್ಕಿನವರಿಗೆ ಚಹಾ ಕುಡಿಯುತ್ತಿರಿ ಎಂದು ಹೇಳಿ ನಾವು ಓಡಿದೆವು. ಸ್ಮಶಾನದ ದಾರಿಗೆ ಬರುವ ಮುಂಚೆಯೇ ಟ್ಯಾಂಕಿನ ಗಾಲಿಯ ಗುರುತು ದೊಡ್ಡ ಅರ್ಧಚಂದ್ರದಂತೆ ಪಕ್ಕಕ್ಕೆ ಸರಿದುಹೋಗಿತ್ತು. ಒಳಗೆ ಹುಲ್ಲು ಕತ್ತರಿಸಿ, ವಾಲಿದ್ದ ಕಲ್ಲನ್ನು ಯಾರೋ ನೆಟ್ಟಗೆ ನಿಲ್ಲಿಸಿದ್ದರು. ಮಿಸೆಸ್ ಹೇಲ್ ತಾಯಿಯ ಹೆಸರನ್ನು ಕರವಸ್ತ್ರದಿಂದ ಒರೆಸಿ, ಕಲ್ಲಿನ ಮೇಲೆ ಕೈಯಿಟ್ಟು, "ಅಮ್ಮಾ, ತಡವಾಯಿತು. ಬಾಗಿಲಲ್ಲಿ ಬನಾಂಟಿ ಇದ್ದಳು," ಎಂದರು. ನಾನು ಬೇಲಿಯಾಚೆ ಮುಖ ತಿರುಗಿಸಿಕೊಂಡೆ. ಹುಲ್ಲಿನಲ್ಲಿ ಏನೋ ಸಣ್ಣದು ಓಡಿದಂತಾಯಿತು.

ಈಗ ಸಂಜೆ. ಐಸೆಲಿನ್‌ನಲ್ಲಿ ಸಾಮಾನು ಕೊಂಡು ನಮ್ಮ ಮನೆಗೆ ಬರುತ್ತಿರುವ ಗೆಳೆಯನೊಡನೆ ನಮ್ಮವರು ಫೋನಿನಲ್ಲಿದ್ದಾರೆ. "ಮುಂದ್ಗಡೆ ಬರ್ಬೇಡ್ವೋ, ಗ್ಯಾರೇಜ್ ಕಡೆಯಿಂದ ಬಾ. ಹಾರ್ನ್ ಹೊಡೀಬೇಡ. ಮನೇಲಿ ಬಾಣಂತಿ ಇದಾಳೆ."

"ಈ ವಯಸ್ಸಲ್ಲಾ!" ಎಂದು ಆಚೆಯವನು ಕೂಗಿದ್ದು ಅಡುಗೆಮನೆಗೂ ಕೇಳಿಸಿತು. ನಾನು ಬಾಯಿಗೆ ಸೆರಗು ಒತ್ತಿಕೊಂಡು ನಕ್ಕೆ. ಬಾಗಿಲಲ್ಲಿರುವವಳು ಬೆದರಬಾರದಲ್ಲ.